ಶುಕ್ರವಾರದ ಗುಟ್ಟು

ತನ್ನ ಅಕ್ಕನ ಮಗಳು ಚೂಟಿಯ ಮೇಲೆ ಕೋಚ್‌ಗೆ ಅನುಮಾನ ಹುಟ್ಟಿ ತಿಂಗಳಾಗಿತ್ತು. ಎಂಟುನೂರು ಮೀಟರ್ ಓಟದಲ್ಲಿ ಅವಳನ್ನು ಹಿಂದೆ ಹಾಕುವವರು ಅವನ ಮೈದಾನದಲ್ಲಿ ಯಾರೂ ಇರಲಿಲ್ಲ. ಅಂಥವಳು ಈಗ ಕೊನೆಯ ಸುತ್ತಿನಲ್ಲಿ ಕಾಲಿಗೆ ಕಲ್ಲು ಕಟ್ಟಿದ ಹಾಗೆ ಓಡುತ್ತಿದ್ದಳು. ಭಾನುವಾರ ತಂಡದ ಆಯ್ಕೆ. ಅಲ್ಲಿ ಸೋತರೆ ಇಷ್ಟು ವರ್ಷ ಸುರಿಸಿದ ಬೆವರೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಚೂಟಿ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅಕ್ಕ ಹೇಳಿದಾಗ, ಯಾರ ಹಿಂದೋ ಬಿದ್ದಿರಬೇಕು ಅಂದುಕೊಂಡ. ರಾತ್ರಿಯೆಲ್ಲ ಹೊರಳಾಡುತ್ತಾಳೆ ಎಂದಾಗ ಫೋನಿನ ಮೇಲೆ ಗುಮಾನಿಪಟ್ಟ. ಬಿಟ್ಟೂಬಿಡದೆ ಕಾಡುವ ನೆಗಡಿಯನ್ನು ನೆಪ ಅಂದ. ಮಾತೆತ್ತಿದರೆ ಸಿಡುಕುವುದನ್ನು ಕಂಡು, ಎರಡು ಪದಕ ಬಂದದ್ದೇ ತಡ ತಲೆ ತಿರುಗಿದೆ ಎಂದು ತೀರ್ಮಾನಿಸಿದ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಎದೆ ಡವಗುಟ್ಟುತ್ತದೆ ಎಂದು ಅವಳೇ ಒಮ್ಮೆ ಬಾಯಿಬಿಟ್ಟಿದ್ದಳು. ಕಳ್ಳರ ಎದೆ ಹೊಡೆದುಕೊಳ್ಳದೆ ಇನ್ಯಾರದು ಹೊಡೆದುಕೊಳ್ಳಬೇಕು? ಅರ್ಧ ಆಯುಸ್ಸು ಓಟ ಕಲಿಸಿದ ಮನುಷ್ಯನಿಗೆ ಇಷ್ಟನ್ನೂ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ ನೋಡಿ. ಒಂದೊಂದಕ್ಕೂ ಒಂದೊಂದು ಕಳ್ಳತನ ಹುಡುಕಿದ.

ಅದಕ್ಕೆ ಸರಿಯಾಗಿ ಆಚೆ ಮೈದಾನದ ಗಡ್ಡದ ಕೋಚ್ ಒಂದು ಸಂಜೆ ಗೇಟಿನ ಹತ್ತಿರ ಅವಳನ್ನು ಮಾತಾಡಿಸಿದ. ಏನಂತೆ ಎಂದು ವಿಚಾರಿಸಿದರೆ, ಹುಷಾರಿಲ್ಲವಾ ಎಂದು ಕೇಳಿದರು ಅಂದಳು. ಅವನಿಗ್ಯಾಕೆ ಇವಳ ಮೈಯ ಉಸಾಬರಿ? ತನ್ನ ಹುಡುಗಿಯನ್ನು ಒಳಗಿಂದೊಳಗೇ ಎಳೆದುಕೊಳ್ಳುತ್ತಿದ್ದಾನೆ ಎಂದು ಕೋಚ್‌ನ ತಲೆಗೆ ಹುಳ ಹೊಕ್ಕಿತು.

ಗುರುವಾರ ಅಕ್ಕ ಫೋನು ಮಾಡಿ ತಮ್ಮನನ್ನೇ ತರಾಟೆಗೆ ತೆಗೆದುಕೊಂಡಳು. ಶುಕ್ರವಾರ ತಂಡಕ್ಕೆಲ್ಲ ರಜೆ, ಆವತ್ತಾದರೂ ಮಗುವನ್ನು ಮಲಗಲು ಬಿಡಬಾರದೇ ಎಂದು ಅವಳ ದೂರು. ಮಾವ ಕರೆದಿದ್ದಾರೆ ಎಂದು ಹೇಳಿ ಚೂಟಿ ಪ್ರತಿ ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಡುತ್ತಾಳಂತೆ. ಕೋಚ್ ಕರೆದೇ ಇರಲಿಲ್ಲ. ಅಕ್ಕನಿಗೆ ಏನೂ ಹೇಳದೆ ಫೋನಿಟ್ಟ. ಕೊನೆಗೂ ಸಿಕ್ಕಿಬಿದ್ದಳು ಎಂದು ಖುಷಿಯೂ ಆಯಿತು, ಸುಳ್ಳೇಕೆ.

ಮರುದಿನ ಅವಳ ಹಿಂದೆಯೇ ಹೋದ. ಚೂಟಿ ಅಂಗಡಿ ಬೀದಿ ದಾಟಿ, ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡದೊಳಗೆ ನುಗ್ಗಿದಳು. ಅವನು ಕಂಬದ ಮರೆಯಲ್ಲಿ ನಿಂತ. ಅಲ್ಲಿ ಗಡ್ಡದವನೂ ಇರಲಿಲ್ಲ, ಮೀಸೆಯವನೂ ಇರಲಿಲ್ಲ. ಕಾರುಗಳು ಹತ್ತುವ ಏರಿನಲ್ಲಿ ಹುಡುಗಿ ಒಬ್ಬಳೇ ಓಡುತ್ತಿದ್ದಳು. ಮೇಲೆ ಹೋಗಿ ಗೋಡೆ ಹಿಡಿದು ಕೆಮ್ಮಿದಳು, ಇಳಿದು ಬಂದಳು, ಮತ್ತೆ ಓಡಿದಳು. ಒಮ್ಮೆ ಮೂಲೆಯಲ್ಲಿ ಬಗ್ಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಮತ್ತೆ ಓಡಿದಳು.

ಹಸಿವು, ನಿದ್ದೆ, ನೆಗಡಿ, ಸಿಡುಕು, ಎದೆಬಡಿತ ಎಲ್ಲವೂ ಈಗ ಒಂದೇ ಮಾತು ಹೇಳಿದವು. ಅವಳ ಮೈ ತಿಂಗಳಿಂದ ಸಾಕು ಸಾಕು ಎಂದು ಅಂಗಲಾಚುತ್ತಿತ್ತು. ಕೋಚ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮರೆಯಿಂದ ಹೊರಬಂದು, ಇದೇನಿದು ಎಂದು ಕೇಳಿದ. ಅವಳು ಬೆಚ್ಚಿ ನೆಟ್ಟಗೆ ನಿಂತಳು. ಓಟ ನಿಧಾನವಾಗಿದೆ, ಸರಿಮಾಡಿಕೊಳ್ಳುತ್ತಿದ್ದೇನೆ ಅಂದಳು.

"ಭಾನುವಾರ ಓಡಬೇಡ ಪುಟ್ಟ. ಸ್ವಲ್ಪ ದಿನ ಶೂ ಮುಟ್ಟಲೇಬೇಡ. ತಿನ್ನು, ಮಲಗು. ಜಾಸ್ತಿ ಓಡಿ ಓಡಿ ಮೈ ಸೋತಿದೆ, ಅಷ್ಟೆ. ಮುಂದಿನ ಆಯ್ಕೆಗೆ ನೀನೇ."

ಅವಳ ಮುಖ ಬಿಳಿಚಿಕೊಂಡಿತು.

"ನನ್ನ ಜಾಗಕ್ಕೆ ಯಾರನ್ನ ಹಾಕ್ಕೊಂಡ್ರಿ ಸರ್?"

ಕೋಚ್‌ನ ಮೈದಾನದ ಪದ್ಧತಿಯೇ ಹಾಗಿತ್ತು. ನಿಧಾನವಾದವರನ್ನು ಅವನು ಬೈಯುತ್ತಿರಲಿಲ್ಲ. ಹೆಗಲ ಮೇಲೆ ಕೈಯಿಟ್ಟು, ಸ್ವಲ್ಪ ದಿನ ಸುಧಾರಿಸಿಕೋ ಎಂದು ಬೆಂಚಿನ ಮೇಲೆ ಕೂರಿಸಿ, ಅವರ ಕಣ್ಣೆದುರೇ ಅವರ ಜಾಗದಲ್ಲಿ ಇನ್ನೊಬ್ಬರನ್ನು ಓಡಿಸುತ್ತಿದ್ದ. ಹಾಗೆ ಕೂತವರು ಮರಳಿ ಟ್ರ್ಯಾಕಿಗೆ ಇಳಿದದ್ದನ್ನು ಚೂಟಿ ಕಂಡಿರಲಿಲ್ಲ. ಅದನ್ನು ನೋಡಿ ಉಳಿದವರು ಮೈಬಗ್ಗಿಸಿ ಓಡುತ್ತಾರೆ ಎಂದು ಅವನಿಗೆ ಹೆಮ್ಮೆ ಬೇರೆ.

"ಯಾರೂ ಇಲ್ಲ, ಆಣೆ ಮಾಡಿ ಹೇಳ್ತೀನಿ," ಅಂದ. "ನಾನು ನಿನ್ನ ಮಾವ ಕಣೇ."

"ಅವರಿಗೂ ಹೀಗೇ ನಯವಾಗಿ ಹೇಳಿದ್ರಿ."

ಅಷ್ಟು ಹೇಳಿ ಏರಿನ ಕಡೆ ತಿರುಗಿದಳು. ಅವನು ನೋಡುತ್ತಿದ್ದಾನೆಂದು ಮೊದಲಿಗಿಂತ ಜೋರಾಗಿ ಓಡತೊಡಗಿದಳು. ತಾನು ನೋಡದಿದ್ದರೆ ನಿಂತಾಳೇನೋ ಎಂದು ಕೋಚ್ ಗೋಡೆಗೆ ಮುಖ ಮಾಡಿ ನಿಂತ. ಮೇಲಿನಿಂದ ಹೆಜ್ಜೆಯ ಸದ್ದು ಬರುತ್ತಲೇ ಇತ್ತು.