ಉಪವಾಸವಲ್ಲ, ಒರಿಕ್ಕಲ್

ನಮ್ಮ ನಾಯರ್ ತರವಾಡಿನಲ್ಲಿ, ಅಂದರೆ ಕೂಡುಕುಟುಂಬದಲ್ಲಿ, ಮನೆತನ ಮುಂದುವರಿಯುವುದು ಹೆಂಗಸರ ಕಡೆಯಿಂದ. ನನ್ನ ಮಕ್ಕಳು ಅವರಮ್ಮನ ಮನೆಯವರು. ಈ ಮನೆಯವರೆಂದರೆ ನನ್ನ ತಂಗಿ ಭಾರತಿಯ ಇಬ್ಬರು ಹೆಣ್ಣುಮಕ್ಕಳು. ರೋಗವೂ ಅದೇ ಕಾನೂನು ಹಿಡಿಯಿತು ನೋಡಿ, ದರಿದ್ರದ್ದು! ಜೀವಕೋಶದೊಳಗೆ ಮೈಟೋಕಾಂಡ್ರಿಯ ಅಂತ ಇರುತ್ತದಂತೆ, ಮೈಗೆ ಶಕ್ತಿ ಕೊಡುವುದು ಅದೇ ಅಂತೆ, ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದಂತೆ. ನಮ್ಮ ಮನೆಯದು ಕೆಟ್ಟಿದೆ. ಕಂಡುಹಿಡಿದವಳು ಭಾರತಿಯ ಹಿರಿಮಗಳು ಹೇಮಲತಾ. ಇಂಥ ರೋಗದ ಹೆಂಗಸರು ಬಸುರಿಯಾದರೆ ತಾಯಿಮಗುವನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವುದೇ ತಿರುವನಂತಪುರದಲ್ಲಿ ಅವಳ ಸಂಶೋಧನೆ.

ಕಿರಿಯವಳು ಮಂಜುಷಾಳ ಮೊದಲ ಮಗು ತೊಟ್ಟಿಲಲ್ಲೇ ಹೋಗಿತ್ತು. ಈಗ ಮತ್ತೆ ಏಳು ತಿಂಗಳು. ಹೇಮಲತಾಳ ಕಟ್ಟಪ್ಪಣೆ ಒಂದೇ: ಉಪವಾಸ ಮಾಡಕೂಡದು. ಮಾಡಿದರೆ ಇಂಥವರ ರಕ್ತದಲ್ಲಿ ಆಮ್ಲ ಏರುತ್ತದೆ, ಇಬ್ಬರ ಜೀವಕ್ಕೂ ಅಪಾಯ. ವಾರವಾರವೂ ಫೋನು ಮಾಡಿ ಕೇಳುತ್ತಿದ್ದಳು.

"ಉಪವಾಸಗಿಪವಾಸ ಏನೂ ಮಾಡ್ತಿಲ್ಲ ತಾನೇ?"

"ಇಲ್ಲ ಚೇಚಿ, ಎಷ್ಟು ಸಲ ಹೇಳ್ಲಿ! ನೀನೇನು ಅಕ್ಕನೋ ಪೊಲೀಸೋ?"

ಪಕ್ಕದಲ್ಲಿ ಕೂತ ಸೋದರಮಾವ ನಾನೂ ನಗುತ್ತಿದ್ದೆ.

ಆ ಸೋಮವಾರ ಸಂಜೆ ಹುಡುಗಿ ದೇವಸ್ಥಾನದಿಂದ ಬಂದವಳೇ ವಾಂತಿ ಮಾಡಿಕೊಂಡು ಜಗಲಿಯಲ್ಲಿ ಕುಸಿದಳು. ಹಿಂದಿನ ದಿನದಿಂದ ಸಣ್ಣ ಜ್ವರ ಬೇರೆ ಇತ್ತು. ಮೈಲಿಗಟ್ಟಲೆ ಓಡಿದವರ ಹಾಗೆ ಏದುಸಿರು. ಒಟ್ಟಪ್ಪಾಲದಿಂದ ತೃಶೂರಿನ ಆಸ್ಪತ್ರೆಗೆ ಹೇಗೆ ಮುಟ್ಟಿದೆವೋ ದೇವರೇ ಬಲ್ಲ. ಮರುದಿನ ಹೇಮಲತಾ ಬಂದಿಳಿಯುವಷ್ಟರಲ್ಲಿ ಮಗುವಿನ ಎದೆಬಡಿತ ನಿಂತಿತ್ತು. ತಾಯಿಗೆ ಪ್ರಜ್ಞೆಯಿರಲಿಲ್ಲ.

"ನಿನ್ನೆ ಏನು ತಿಂದಿದ್ಲು? ಹೇಳಮ್ಮಾ!"

"ಮಧ್ಯಾಹ್ನ ಹೊಟ್ಟೆತುಂಬ ಉಂಡ್ಲು ಕಣೇ," ಎಂದಳು ಭಾರತಿ. "ಸೋಮವಾರ ಒರಿಕ್ಕಲ್ ಅಲ್ವಾ?"

ಒರಿಕ್ಕಲ್ ಎಂದರೆ ಒಪ್ಪೊತ್ತು. ದಿನಕ್ಕೆ ಒಂದೇ ಸಲ ಅನ್ನ. ನಮ್ಮಲ್ಲಿ ಅದನ್ನು ಯಾರೂ ಉಪವಾಸ ಅನ್ನುವುದಿಲ್ಲ; ಉಪವಾಸವೆಂದರೆ ಏನನ್ನೂ ಮುಟ್ಟದೆ ಇರುವುದು. ಹೇಮಲತಾಳ ಮುಖ ಬಿಳಿಚಿಕೊಂಡಿತು.

"ಯಾವಾಗಿಂದ?"

"ಬಸುರಿ ಆದಾಗಿಂದ. ಇದೊಂದಾದ್ರೂ ಉಳೀಲಿ ಅಂತ ಶಿವನಿಗೆ..."

"ನಿನ್ನ ತಲೇಲಿ ಏನು ತುಂಬಿದೆಯೇ!" ನಾನು ಆಸ್ಪತ್ರೆ ಅನ್ನುವುದನ್ನೂ ಮರೆತು ಕಿರುಚಿದೆ. "ಮಗಳ ಮಗೂನ ನೀನೇ ತಿಂದ್ಬಿಟ್ಟೆ!"

"ಅಮ್ಮಾವ, ಅಮ್ಮನ್ನ ಬೈಬೇಡಿ." ಹೇಮಲತಾ ನನ್ನ ತೋಳು ಹಿಡಿದಳು. "ಸಂಶೋಧನೆಯ ಪ್ರಶ್ನೆಗಳಲ್ಲಿ ಇಂಗ್ಲಿಷಿನ 'ಫಾಸ್ಟಿಂಗ್'ಗೆ ಉಪವಾಸ ಅಂತ ಅನುವಾದ ಮಾಡಿದವಳು ನಾನು. ನಾನೂ ಇದೇ ಮನೇಲಿ ಹುಟ್ಟಿದವಳು, ಇದೇ ಅಡುಗೆಮನೇಲಿ ಒರಿಕ್ಕಲ್ ಊಟ ಉಂಡವಳು. ನನಗೆ ಹೊಳೀಲೇ ಇಲ್ವಲ್ಲ!"

ಭಾರತಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಸಂಜೆಯ ಹೊತ್ತಿಗೆ ಮಂಜುಷಾ ಕಣ್ಣು ಬಿಟ್ಟಳು. ನಾವು ಒಳಗೆ ಹೋದೆವು.

"ಚೇಚಿ, ನಾನು ಸುಳ್ಳು ಹೇಳ್ಲಿಲ್ಲ ಕಣೇ. ನಿನ್ನಾಣೆಗೂ ಒಂದು ದಿನಾನೂ ಉಪವಾಸ ಮಾಡ್ಲಿಲ್ಲ."

"ಗೊತ್ತು ಕಣೇ, ಗೊತ್ತು."

"ಪಾಪು ಯಾಕೆ ಒದೀತಿಲ್ಲ?"

ಹೇಮಲತಾ ತಂಗಿಯ ಅಂಗೈಯಲ್ಲಿ ಮುಖ ಹುದುಗಿಸಿಕೊಂಡಳು. ಮಂಜುಷಾ ನನ್ನ ಕಡೆ ನೋಡಿದಳು. ನಾನು ಹೇಡಿಯ ಹಾಗೆ ತಲೆ ತಗ್ಗಿಸಿದೆ. ಅಷ್ಟರಿಂದಲೇ ಅವಳಿಗೆ ತಿಳಿಯಿತು. ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ನರ್ಸು ನಮ್ಮನ್ನು ಆಚೆ ಕಳಿಸಿದಳು. ಹೇಮಲತಾ ಕಣ್ಣನ್ನೂ ಒರೆಸಿಕೊಳ್ಳದೆ ಫೋನು ತೆಗೆದಳು. ಸಂಶೋಧನೆಯಲ್ಲಿದ್ದ ಬಸುರಿಯರು ಇನ್ನೂ ಎಷ್ಟೋ ಮಂದಿ. ಅವರನ್ನೆಲ್ಲ ಕೇಳಿದ್ದೂ ಅದೇ ಪ್ರಶ್ನೆ, ಎಲ್ಲರೂ ಹೇಳಿದ್ದು 'ಇಲ್ಲ' ಅಂತಲೇ. ಮೊದಲು ಸಿಕ್ಕವಳು ಆಲಪ್ಪುಳದ ಕಡೆಯವಳು.

"ಸುಜಾತಾ, ಒರಿಕ್ಕಲ್ ಮಾಡ್ತೀಯಾ?"

"ಮಾಡದೆ ಏನು ಡಾಕ್ಟ್ರೇ? ಇವತ್ತು ಷಷ್ಠಿ ಅಲ್ವಾ!" ಆ ಹುಡುಗಿಯ ನಗು ನನಗೂ ಕೇಳಿಸಿತು. "ಮಧ್ಯಾಹ್ನವೇ ಊಟ ಆಯ್ತು, ಇನ್ನು ನಾಳೆಗೇನೇ."

"ಈಗಲೇ ಎದ್ದು ಅನ್ನ ಬಡಿಸ್ಕೋ. ವ್ರತ ಮುರಿದ ಪಾಪ ನನಗಿರಲಿ. ನೀನು ಉಂಡು ಮುಗಿಸೋವರೆಗೂ ನಾನು ಫೋನು ಇಡಲ್ಲ."

ತಂಗಿಯ ಅಳು ಕೇಳಿಸುತ್ತಿದ್ದ ಆ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತಳು. ಎಲ್ಲೋ ದೂರದಲ್ಲಿ ಯಾರೋ ತಟ್ಟೆ ಹಾಕಿಕೊಂಡ ಸದ್ದನ್ನು, ತುತ್ತು ನುಂಗುವ ಸದ್ದನ್ನು ಕಿವಿಗೊಟ್ಟು ಕೇಳುತ್ತ, "ಇನ್ನೊಂದು ತುತ್ತು, ನಮ್ಮಮ್ಮ, ಇನ್ನೊಂದು," ಎಂದು ಬೇಡುತ್ತಿದ್ದಳು.