ದೀಪ ಆರಿದ ಮೇಲೂ ಓದಿದ ಸಾಲು

ಮಗಳು ಅಂಗಡಿಯ ಬಾಗಿಲಿಗೆ ಭುಜ ಬಡಿಸಿಕೊಂಡಳು. ಆ ವಾರದಲ್ಲಿ ಅದು ನಾಲ್ಕನೇ ಸಲ.

"ಕಣ್ಣಿನ ನಂಬರ್ ಬದಲಾಗಿದೆ," ಎಂದ ಅಪ್ಪ, ತಲೆ ಎತ್ತದೆ.

ಬೀದಿಗೆಲ್ಲ ಅವನು ಕನ್ನಡಕದಣ್ಣ. ಇಪ್ಪತ್ತಾರು ವರ್ಷದಿಂದ ಗಾಜಿಗೆ ಸಾಣೆ ಹಿಡಿದು, ಫ್ರೇಮಿಗೆ ಕೂರಿಸಿ, ಕಿವಿಗೆ ತಕ್ಕಂತೆ ಕಡ್ಡಿ ಬಗ್ಗಿಸಿ ಬದುಕಿದವನು. ಲೋಕದ ಮುಕ್ಕಾಲು ಪಾಲು ತಾಪತ್ರಯ ಸರಿಯಾದ ಗಾಜಿಲ್ಲದೆ ಆಗುವುದು ಎಂದು ಅವನ ನಂಬಿಕೆ. ಗಂಡ ಹೆಂಡತಿ ಜಗಳವಾಡಿದರೂ, "ಇಬ್ರನ್ನೂ ಕರ್ಕೊಂಡ್ ಬನ್ನಿ, ಒಂದ್ಸಲ ಕಣ್ಣು ನೋಡೋಣ" ಎನ್ನುತ್ತಿದ್ದ. ಜನ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಬಿಸಿಲು ಅಂಗಡಿಯೊಳಗೆ ಓರೆಯಾಗಿ ಬರುತ್ತಿತ್ತು. ಮೇಜಿನ ಮೇಲೆ ಹರಡಿದ ಗಾಜುಗಳು ಒಂದೊಂದು ಬೆಳಕಿನ ಚುಕ್ಕಿಯನ್ನು ಗೋಡೆಗೆ ಎಸೆಯುತ್ತಿದ್ದವು. ಗಾಳಿಗೆ ಪರದೆ ಅಲ್ಲಾಡಿದರೆ ಚುಕ್ಕಿಗಳು ಗೋಡೆಯ ಮೇಲೆ ಈಜುತ್ತಿದ್ದವು. ಮಗಳು ಚಿಕ್ಕವಳಿದ್ದಾಗ ಅವನ್ನು ಹಿಡಿದು ಹಿಡಿದು ಜೇಬಿಗೆ ತುಂಬಿಕೊಳ್ಳುತ್ತಿದ್ದಳು. ಅದರಿಂದಲೇ ಅವಳ ಹೆಸರೂ ಚುಕ್ಕಿ ಎಂದಾಯಿತು.

ಚುಕ್ಕಿಗೆ ಈಗ ಹತ್ತೊಂಬತ್ತು. ಕಾಲೇಜಿನ ಎರಡನೇ ವರ್ಷ. ಪುಸ್ತಕ ಹಿಡಿದರೆ ತೂಕಡಿಕೆ. ಊಟಕ್ಕೆ ಕೂತರೆ ಎರಡು ತುತ್ತು. ಮಾತು ನಡುವೆ ಎಲ್ಲೋ ಇಳಿದುಹೋಗಿ, ಸ್ವಲ್ಪ ಹೊತ್ತಾದ ಮೇಲೆ ಬೇರೆ ಮಾತಾಗಿ ಮೇಲೇಳುತ್ತಿತ್ತು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ, "ಬೋರ್ಡು ಮಬ್ಬು ಕಾಣತ್ತೆ ಅಪ್ಪ" ಎಂದಿದ್ದಳು. ಅಪ್ಪನಿಗೆ ಅಷ್ಟು ಸಾಕಾಗಿತ್ತು. ನಾಲ್ಕು ತಿಂಗಳಲ್ಲಿ ಮೂರು ಕನ್ನಡಕ ಮಾಡಿಕೊಟ್ಟ. ಪ್ರತಿ ಸಲವೂ ಒಳಕೋಣೆಯ ಕುರ್ಚಿಯಲ್ಲಿ ಕೂರಿಸಿ, ಹೊಸ ಗಾಜು ತೊಡಿಸಿ, ಎದುರಿನ ದೀಪದ ಬೋರ್ಡಿನ ಅಕ್ಷರ ಓದಿಸಿದ. ಪ್ರತಿ ಸಲವೂ ಅವಳು ಕೊನೆಯ ಸಾಲಿನವರೆಗೆ ತಪ್ಪಿಲ್ಲದೆ ಓದಿದಳು.

"ನೋಡು, ಗಾಜು ಬದಲಾದ್ರೆ ಲೋಕಾನೇ ಬದಲಾಗತ್ತೆ," ಎಂದು ಅವನು ಹಿಗ್ಗಿದ.

ಆ ದಿನ ಮೇಲ್ಮಹಡಿಯ ನರ್ಸಮ್ಮ ಕಡ್ಡಿ ಕಳಚಿದ ಕನ್ನಡಕ ಹಿಡಿದು ಇಳಿದು ಬಂದಳು. ಆಕೆಗೆ ಕೆಲಸ ದೊಡ್ಡಾಸ್ಪತ್ರೆಯಲ್ಲಿ, ಕುಡಿತ ಮತ್ತು ಮಾದಕವಸ್ತುಗಳ ಚಟ ಬಿಡಿಸುವ ವಾರ್ಡಿನಲ್ಲಿ.

"ಇದರ ಮೇಲೆ ಕೂತ್ಬಿಟ್ಟೆ ಕಣಣ್ಣ."

"ಕನ್ನಡಕ ಇರೋದು ಮೂಗಿನ ಮೇಲೆ ಕೂರೋಕೆ ನರ್ಸಮ್ಮ, ಅದರ ಮೇಲೆ ನೀವು ಕೂರೋಕಲ್ಲ."

ನರ್ಸಮ್ಮ ನಕ್ಕಳು. ನಗುತ್ತಲೇ ಮೂಲೆಯ ಸ್ಟೂಲಿನತ್ತ ನೋಡಿದಳು. ಚುಕ್ಕಿ ಬಿಸಿಲಿನಲ್ಲಿ ಕೂತು, ಮೂಗು ಕೆರೆದುಕೊಳ್ಳುತ್ತ, ನೀರಿನೊಳಗಿನ ಗಿಡದ ಹಾಗೆ ಮೆಲ್ಲಗೆ ಬಾಗುತ್ತಿದ್ದಳು. ಗದ್ದ ಎದೆಗೆ ತಾಗಿದಾಗ ಎಚ್ಚತ್ತು ನೆಟ್ಟಗಾದಳು. ಮತ್ತೆ ಬಾಗಿದಳು. ಕೊನೆಗೆ ಎದ್ದು ಒಳಗೆ ಹೋದಳು.

ನರ್ಸಮ್ಮನ ನಗು ನಿಂತಿತು. "ಎಷ್ಟು ದಿನದಿಂದ ಹೀಗೆ?"

"ಕಣ್ಣಿನ ತೊಂದ್ರೆ. ನಾಲ್ಕನೇ ಗಾಜು ಹಾಕ್ತಿದ್ದೀನಿ."

"ಅಣ್ಣ, ಬೇಜಾರು ಮಾಡ್ಕೋಬೇಡಿ. ಅವಳು ಏನಾದ್ರೂ ತಗೋತಿರಬಹುದು."

ಅವನ ಕೈಯಲ್ಲಿದ್ದ ಸ್ಕ್ರೂ ಬಿದ್ದು ಉರುಳಿತು. "ಏನ್ ಮಾತು ಅಂತ ಆಡ್ತೀರಿ! ನಮ್ಮನೇಲಿ ಬೀಡಿ ಸೇದೋರೂ ಇಲ್ಲ."

"ನನ್ನ ವಾರ್ಡಿಗೆ ಬರೋರೇನು ಮುಗಿಲಿಂದ ಉದುರ್ತಾರಾ? ಎಲ್ರೂ ಇಂಥ ಮನೆ ಮಕ್ಕಳೇ. ಸರಿ, ನನ್ನ ಮಾತು ಬಿಡಿ. ಕಣ್ಣಿನ ವಿಷ್ಯ ನಿಮ್ಗೆ ನಾನು ಹೇಳಿಕೊಡ್ಬೇಕಾ? ಕತ್ತಲಾದ್ರೆ ಕಣ್ಣಿನ ಪಾಪೆ ಏನಾಗ್ಬೇಕು?"

"ಹಿಗ್ಬೇಕು."

"ಅವಳದ್ದು ಹಿಗ್ಗತ್ತಾ ನೋಡಿ. ಕೆಲವು ಮಾತ್ರೆ ಚಟಕ್ಕೆ ಬಿದ್ರೆ ಹಿಗ್ಗಲ್ಲ. ಹಿಗ್ಗದೇ ಇದ್ರೆ ಅದೇ ಕಾರಣ ಅಂತ ತೀರ್ಮಾನ ಮಾಡ್ಬೇಡಿ, ಬೇರೆ ಕಾರಣಾನೂ ಇರಬಹುದು. ಆದ್ರೆ ಕೂತು ಕೇಳೋದಕ್ಕೆ ಅಷ್ಟು ಸಾಕು. ಕೂಗಾಡಬೇಡಿ. ಕೂಗಿದ್ರೆ ಬಾಗಿಲು ಹಾಕ್ಕೋತಾರೆ."

ನರ್ಸಮ್ಮ ಹೊರಗಿನ ಬೆಂಚಿನ ಮೇಲೆ ಕೂತಳು. ಅವನು ಒಳಕೋಣೆಗೆ ಹೋಗಿ ಮಗಳನ್ನು ಕುರ್ಚಿಯಲ್ಲಿ ಕೂರಿಸಿದ.

"ಓದು."

ಚುಕ್ಕಿ ಶುರು ಮಾಡಿದಳು. ಮೊದಲ ಸಾಲು. ಎರಡನೆಯದು. ಅವನು ಗೋಡೆಯ ಸ್ವಿಚ್ಚಿಗೆ ಕೈಯಿಟ್ಟು ಬೋರ್ಡಿನ ದೀಪ ಆರಿಸಿದ. ಕೋಣೆ ಮಬ್ಬಾಯಿತು. ಅಕ್ಷರಗಳೆಲ್ಲ ಅಳಿಸಿಹೋದವು.

ಚುಕ್ಕಿ ಓದುತ್ತಲೇ ಇದ್ದಳು. "ಗ, ಮ, ಟ, ದ..." ಮೂರನೇ ಸಾಲು, ನಾಲ್ಕನೆಯದು. ಕನಸಿನಲ್ಲಿ ಮಾತಾಡುವವರ ಸಮಾಧಾನದ ದನಿ. ಕಣ್ಣು ಮುಚ್ಚಿತ್ತು.

ಅವಳು ಮಾತು ಕಲಿತದ್ದೇ ಈ ಬೋರ್ಡಿನ ಕೆಳಗೆ ಆಡುತ್ತ. ಅದು ಅವಳಿಗೆ ಬಾಯಿಪಾಠ. ಇಡೀ ಬೀದಿಯ ಕಣ್ಣು ನೋಡಿದವನಿಗೆ ಇದು ಹೊಳೆದಿರಲಿಲ್ಲ.

"ಕಣ್ಣು ಬಿಡು ಚುಕ್ಕಿ."

ಬಿಟ್ಟಳು. ಅವನು ಹತ್ತಿರ ಬಾಗಿ ನೋಡಿದ. ಆ ಮಬ್ಬಿನಲ್ಲೂ ಪಾಪೆಗಳು ಸಾಸಿವೆ ಕಾಳಿನಷ್ಟೇ ಇದ್ದವು. ಎರಡು ಮನೆಗಳು ಕಿಟಕಿ ಮುಚ್ಚಿಕೊಂಡು ಕೂತಂತೆ.

ಅವನಿಗೆ ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು. ಎರಡೂ ಆಗದೆ, ತನಗೆ ಕೇಳಲು ಬರುವ ಒಂದೇ ಪ್ರಶ್ನೆ ಕೇಳಿದ.

"ಏನ್ ಕಾಣ್ತಿದೆ ಮಗಳೇ?"

ಚುಕ್ಕಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಏನೂ ಇಲ್ಲಪ್ಪ." ಕತ್ತಲು ಅವಳಿಗೆ ಧೈರ್ಯ ಕೊಟ್ಟಿರಬೇಕು. "ಗೆಳತಿ ಹುಟ್ಟುಹಬ್ಬದಲ್ಲಿ ಎಲ್ಲಾ ಕುಡೀತಿದ್ರು. ನಾನೂ ಕುಡಿದೆ. ಒಬ್ಬಳು ಮಾತ್ರೆ ಕೊಟ್ಳು, ಪರೀಕ್ಷೆ ಭಯ ಹೋಗತ್ತೆ ಅಂತ. ನಿಜವಾಗ್ಲೂ ಹೋಯ್ತು. ಹತ್ತಿ ಮೇಲೆ ನಡೆದ ಹಾಗಿತ್ತು. ಆಮೇಲೆ ಅದೇ ಮಾತ್ರೆ ನಮ್ಮನೇಲೇ ಸಿಕ್ತು."

"ಮನೇಲಿ?"

"ನಿನ್ನ ಬೆನ್ನಿನ ಆಪರೇಷನ್ ಆದಾಗ ತಂದಿದ್ದು. ಸ್ಕ್ರೂ ಡ್ರಾಯರಲ್ಲಿ. ಅದು ಮುಗಿದ್ಮೇಲೆ ಕಾಲೇಜ್ ಹತ್ರ ಒಬ್ಬ ಕೊಡ್ತಾನೆ. ಈಗ ಹತ್ತೀನೂ ಇಲ್ಲ ಅಪ್ಪ. ತಗೊಳ್ದೇ ಇದ್ರೆ ಮೈಯೆಲ್ಲ ಮುರಿಯತ್ತೆ, ಅಷ್ಟೇ. ಬಯ್ಯಿ. ಸುಮ್ನಿರಬೇಡ, ಬಯ್ಯಿ."

ಅವನು ಬಯ್ಯಲಿಲ್ಲ. ನೆಲದ ಮೇಲೆ ಅವಳ ಕಾಲಬಳಿ ಕೂತ. ನೋವು ವಾಸಿಯಾದ ಮೇಲೆ ಉಳಿದ ಮಾತ್ರೆಗಳನ್ನು ಆ ಡ್ರಾಯರಿಗೆ ಹಾಕಿದ್ದು ಇವೇ ಕೈಗಳು.

ಸ್ವಲ್ಪ ಹೊತ್ತಿನಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಚುಕ್ಕಿಯ ಅಮ್ಮ ಬಂದಳು. ವಿಷಯ ಕೇಳಿದವಳೇ ಬಾಗಿಲು ಭದ್ರ ಮಾಡಲು ಹೋದಳು. "ಜನಕ್ಕೆ ಗೊತ್ತಾದ್ರೆ? ಮನೇಲೇ ಕೂಡಿಹಾಕಿ ಬಿಡಿಸೋಣ. ನಾಳೆಯಿಂದ ಒಂದು ಮಾತ್ರೆನೂ ಇಲ್ಲ."

"ಬೇಡಕ್ಕ," ಎಂದಳು ನರ್ಸಮ್ಮ, ಒಳಗೆ ಬಂದು ಚುಕ್ಕಿಯ ಪಕ್ಕ ಕೂತು. "ಹಠ ಮಾಡಿ ಒಮ್ಮೆಗೇ ನಿಲ್ಸಿದ್ರೆ ಜೀವ ಹಿಂಡಿದ ಹಾಗಾಗತ್ತೆ. ತಡೆಯೋಕಾಗ್ದೆ ಮತ್ತೆ ಹಳೇ ಲೆಕ್ಕದಲ್ಲೇ ನುಂಗಿದ್ರೆ, ಮೈ ಅದನ್ನ ತಾಳಲ್ಲ. ಡಾಕ್ಟರ್ ಮೆಲ್ಲಗೆ ಬಿಡಿಸ್ತಾರೆ. ಇದು ಕಾಯಿಲೆ. ವಾರ್ಡಿನ ಮಾತು ಬೀದಿಗೆ ಬರಲ್ಲ. ನಿಮ್ಮ ಮೇಲ್ಮಹಡೀಲೇ ಇಷ್ಟು ವರ್ಷ ಇದ್ದೀನಿ, ಯಾರ ಸುದ್ದಿಯಾದ್ರೂ ನನ್ನ ಬಾಯಲ್ಲಿ ಕೇಳಿದ್ದೀರಾ?"

ಅಮ್ಮ ಯೋಚಿಸಿದಳು. ಕೇಳಿರಲಿಲ್ಲ.

"ಚುಕ್ಕಿ, ಈ ಮಾತ್ರೆ ಜೊತೆ ಕುಡಿದ್ರೆ ಉಸಿರಾಡೋದನ್ನೇ ಮೈ ಮರೀಬಹುದು. ನಿನ್ನ ಗೆಳತಿಗೂ ಹೇಳು. ಎಷ್ಟು ಎಬ್ಬಿಸಿದ್ರೂ ಯಾರಾದ್ರೂ ಏಳ್ದೆ, ಉಸಿರು ನಿಧಾನವಾಗಿ, ತುಟಿ ನೀಲಿಯಾದ್ರೆ, 'ಮಲಗಿ ಸರಿಹೋಗ್ಲಿ' ಅಂತ ಬಿಡಬೇಡಿ. ಮಗ್ಗುಲಿಗೆ ಹೊರಳಿಸಿ, ತಕ್ಷಣ ಆಂಬುಲೆನ್ಸ್ ಕರೀರಿ. ಬಯ್ತಾರೆ ಅನ್ನೋ ಭಯ ಆಮೇಲೆ ಇಟ್ಕೊಳ್ಳಿ."

ಮರುದಿನ ನಾಲ್ವರೂ ಆಸ್ಪತ್ರೆಗೆ ಹೋದರು. ಮಂತ್ರ ಹಾಕಿದಂತೆ ಏನೂ ಆಗಲಿಲ್ಲ. ಬೆವರು, ಅಳು, ಜಗಳದ ದಿನಗಳಿದ್ದವು. ಎರಡನೇ ತಿಂಗಳಲ್ಲಿ ಒಮ್ಮೆ ಚುಕ್ಕಿ ಜಾರಿದಳು. ಅಂದು ಸಂಜೆ ಅವಳೇ ಬಂದು, "ಇವತ್ತು ತಗೊಂಡೆ ಅಪ್ಪ" ಎಂದಳು. ಅವನು ಅಂಗಡಿ ಮುಚ್ಚಿ ಅವಳ ಜೊತೆ ಆಸ್ಪತ್ರೆಗೆ ನಡೆದ.

ಆರು ತಿಂಗಳಾದ ಮೇಲೊಂದು ಮಧ್ಯಾಹ್ನ, ಬೆಳಕಿನ ಚುಕ್ಕಿಗಳು ಗೋಡೆಯ ಮೇಲೆ ಈಜುತ್ತಿದ್ದ ಹೊತ್ತಿನಲ್ಲಿ, ಅವನು ಮಗಳನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದ. ಗೋಡೆಯ ಮೇಲೆ ಹೊಸ ಬೋರ್ಡು. ಅವಳು ಎಂದೂ ನೋಡದ ಅಕ್ಷರಗಳ ಸಾಲು.

ಮೊದಲನೆಯದನ್ನು ಓದಿದಳು. ಎರಡನೆಯದರಲ್ಲಿ ತಡವರಿಸಿದಳು. ಮೂರನೆಯದಕ್ಕೆ ಕಣ್ಣು ಕಿರಿದು ಮಾಡಿ, ನಿಂತಳು.

"ಕಾಣ್ತಿಲ್ಲ ಅಪ್ಪ."

ಇಪ್ಪತ್ತಾರು ವರ್ಷದಲ್ಲಿ ಯಾರ ಬಾಯಿಂದಲೂ ಅಷ್ಟು ಒಳ್ಳೆಯ ಉತ್ತರ ಅವನು ಕೇಳಿರಲಿಲ್ಲ. "ಸರಿ ಮಗಳೇ," ಎಂದು ಗಾಜಿನ ಪೆಟ್ಟಿಗೆ ತೆರೆದ. "ಈಗ ನಿಜವಾದ ನಂಬರ್ ನೋಡೋಣ."

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಇವತ್ತೇ ನಿಮ್ಮ ಮನೆಯ ಡ್ರಾಯರು ತೆರೆಯಿರಿ. ಉಳಿದ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು ಏನು ಮಾಡಬೇಕೆಂದು ಆಸ್ಪತ್ರೆಯಲ್ಲೋ ಔಷಧಿ ಅಂಗಡಿಯಲ್ಲೋ ಕೇಳಿ. ಅಲ್ಲಿಯವರೆಗೆ ಬೀಗ ಹಾಕಿಡಿ. ಆಮೇಲೆ ಮಗನ ಎದುರು, ಮಗಳ ಎದುರು ಕೂತು, ಅಂಕ ಎಷ್ಟು ಎಂದು ಕೇಳುವ ಮೊದಲು ಹೇಗಿದ್ದೀ ಎಂದು ಕೇಳಿ. ಉತ್ತರ ತಡವಾದರೆ ಕಾಯಿರಿ.

ಕಾಲೇಜಿಗೆ ಹೋಗುವ ತಂಗಿ ತಮ್ಮಂದಿರೇ, ಯಾರಾದರೂ ಲೋಟ ಮುಂದೆ ಹಿಡಿದರೆ, ಅಂಗೈಯಲ್ಲಿ ಮಾತ್ರೆ ಇಟ್ಟರೆ, ಬೇಡ ಎನ್ನಿ. ಕಾರಣ ಹೇಳಬೇಕಾಗಿಲ್ಲ. ಈಗಾಗಲೇ ತೆಗೆದುಕೊಂಡಿದ್ದರೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಬೇಡಿ. ಅಪ್ಪನಿಗೋ ಅಮ್ಮನಿಗೋ, ನೆಚ್ಚಿನ ಮೇಷ್ಟ್ರಿಗೋ, ಹತ್ತಿರದ ಆಸ್ಪತ್ರೆಯ ನರ್ಸಮ್ಮನಿಗೋ, ಒಬ್ಬರಿಗೆ ಹೇಳಿ: ಕಾಣ್ತಿಲ್ಲ, ಸ್ವಲ್ಪ ಕೈ ಹಿಡೀರಿ.