ಅಕ್ಕ ಕೊಟ್ಟದ್ದು

ಬಿಲ್ವಪತ್ರೆ ಮತ್ತೆ ಮಣಿಕಟ್ಟಿನ ಮೇಲೆ ಬಿತ್ತು, ಇಷ್ಟಲಿಂಗ ಅಂಗೈಯಲ್ಲಿದೆ, ಪತ್ರೆ ಅದರಾಚೆ, ಜಂಬು ಗಮನಿಸಲೇ ಇಲ್ಲ, ನನ್ನ ತಮ್ಮ, ಚಳ್ಳಕೆರೆಯ ಮಿಲ್ಲಿನಲ್ಲಿ ಕಡಲೆಕಾಯಿ ಎಣ್ಣೆಯ ಬಣ್ಣ ನೋಡಿಯೇ ಕಲಬೆರಕೆ ಹಿಡಿಯುತ್ತಿದ್ದವನು — ಬಲಗಣ್ಣು ಹೋಗಿ ತಿಂಗಳಾಯಿತು, ಈಗ ಎಡಗಣ್ಣಿಗೂ ಹತ್ತಿದೆ ಅದೇ ವೈರಸ್ಸು, ಬೆಂಗಳೂರಿನಲ್ಲಿ ಕಣ್ಣಿನೊಳಕ್ಕೇ ಸೂಜಿ ಚುಚ್ಚಿದರು, ನಾನು ಹೊರಗೆ ಬೆಂಚಿನ ಮೇಲೆ ಪಕ್ಕೆ ಒತ್ತಿಕೊಂಡು ಕೂತಿದ್ದೆ, ಹೋದ ವರ್ಷ ಇಲ್ಲಿಂದಲೇ ತೆಗೆದು ಅವನಿಗೆ ಹಾಕಿದ್ದು ನನ್ನ ಕಿಡ್ನಿ, ಅದನ್ನು ಅವನ ಮೈ ಹೊರದಬ್ಬಬಾರದೆಂದು ದಿನಾ ಮಾತ್ರೆ, ಆ ಮಾತ್ರೆಯಿಂದಲೇ ಇವರ ಮೈಗೆ ರೋಗ ತಡೆಯೋ ಶಕ್ತಿ ಇಲ್ಲಮ್ಮ, ಮಾತ್ರೆ ಇಳಿಸಿದರೆ ಕಣ್ಣು ಉಳಿಯಬಹುದು, ಕಿಡ್ನಿ ಹೋಗಲೂಬಹುದು, ಎಂದರು ಡಾಕ್ಟರು — ಇವನು ಯಾರನ್ನೂ ಕೇಳದೆ, ಬ್ಯಾಡ ಸಾರ್, ಅಕ್ಕ ಕೊಟ್ಟಿದ್ದು ಉಳೀಲಿ, ಕಣ್ಣು ಹೋದ್ರೆ ಹೋಗ್ಲಿ.

ಎಂಥ ಮಾತಾಡಿದ ಮುಠ್ಠಾಳ! ಆದರೆ ನನಗೆ ಹಿತವಾಯಿತು, ನಾಚಿಕೆಯಿಲ್ಲದೆ ಹಿತವಾಯಿತು, ಮೊಳಕಾಲ್ಮೂರಿನಲ್ಲಿ ಅತ್ತೆ ಬಾಗಿಲಿಗೆ ಅಡ್ಡ ನಿಂತು, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣೇ, ನಿನ್ನ ಮೈ ಈಗ ನಮ್ಮನೇದು ಅಂದಾಗ ದಾಟಿ ಬಂದವಳು ನಾನು, ಅಷ್ಟು ಜಗಳವಾಡಿ ಕೊಟ್ಟದ್ದು ಮಣ್ಣುಪಾಲಾಗುವುದೇ, ಬೇಡ, ಉಳಿಯಲಿ, ಕಣ್ಣೂ ಉಳಿಯಲಿ, ನನಗೆ ಎರಡೂ ಬೇಕು ಶಿವನೇ — ಅವನು ಕಾಯುತ್ತಿರುವುದು ನನ್ನ ಒಂದು ಮಾತಿಗೆ, ನಾನು ಬಿಟ್ಟುಕೊಟ್ಟರೆ ಮಾತ್ರ ಅವನು ಬಿಡುತ್ತಾನೆ, ಮಧ್ಯಾಹ್ನ ಮತ್ತೆ ಬೆಂಗಳೂರಿನ ಬಸ್ಸು, ಮತ್ತೆ ಸೂಜಿ, ಇವತ್ತಾದರೂ ಹೇಳೇ, ಎಂಥ ಅಕ್ಕ ನೀನು, ಹೇಳು, ಹೇಳಿಯೇಬಿಟ್ಟೆ — ಜಂಬು, ಮಾತ್ರೆ ಇಳಿಸ್ಕೊಳ್ಳಪ್ಪ, ನಾನು ಕೊಟ್ಟಿದ್ದು ಹೋದ್ರೆ ಹೋಗ್ಲಿ, ನಂಗೇನೂ ಬೇಜಾರಿಲ್ಲ. ದನಿ ನಡುಗಲಿಲ್ಲ, ಪುಣ್ಯ. ಅವನು ಮುಖ ಎತ್ತಿದ, ಕಿಟಕಿಯ ಬಿಸಿಲು ನೇರ ನನ್ನ ಮುಖದ ಮೇಲಿದೆ, ನಡುವೆ ಒಂದು ಮಾರೂ ದೂರವಿಲ್ಲ, ಅಷ್ಟೆಲ್ಲ ಯಾಕಕ್ಕ, ಎಡಗಣ್ಣು ಚೆನ್ನಾಗೇ ಕಾಣ್ತೈತೆ, ಸುಮ್ನೆ ಹೆದರ್ಬ್ಯಾಡ, ನೋಡು, ನೀನು ನಗ್ತಿರೋದೂ ಕಾಣ್ತೈತೆ — ನನ್ನ ಗದ್ದದಿಂದ ಕಣ್ಣೀರು ತೊಟ್ಟಿಕ್ಕುತ್ತಿದೆ, ಅವನು ನನ್ನನ್ನೇ ನೋಡುತ್ತಿದ್ದಾನೆ, ತೊಟ್ಟಿಕ್ಕುತ್ತಿದೆ, ನೋಡುತ್ತಿದ್ದಾನೆ